ಇಂಕ್‌ಜೆಟ್ ಪ್ರಿಂಟರ್‌ನಿಂದ ಮನೆಯಲ್ಲೇ ಪಿಸಿಬಿ: ಇಸ್ತ್ರಿ ಹಾಕಿದರೂ ಗೆರೆ ಯಾಕೆ ಕೂರಲಿಲ್ಲ?

ಪ್ರಶ್ನೆ: ನಾನು ಹಾಸನದ ಹತ್ತಿರದ ಹಳ್ಳಿಯವನು, ಡಿಪ್ಲೊಮಾ ಎರಡನೇ ವರ್ಷ. ಸಂಪಿನ ನೀರು ಟ್ಯಾಂಕಿಗೆ ತಾನಾಗಿ ಏರಿ, ತುಂಬಿದ ಮೇಲೆ ಮೋಟರ್ ತಾನಾಗಿ ನಿಲ್ಲುವ ಸರ್ಕ್ಯೂಟ್ ಮಾಡುತ್ತಿದ್ದೇನೆ. ಅದರ ಪಿಸಿಬಿ, ಅಂದರೆ ತಂತಿಯ ಬದಲು ತಾಮ್ರದ ಗೆರೆಗಳಿರುವ ಬೋರ್ಡಿನ ಅಳತೆ 5×7 ಸೆಂ.ಮೀ. ಮನೆಯಲ್ಲಿ ಅಕ್ಕನ ಇಂಕ್ ಟ್ಯಾಂಕ್ ಪ್ರಿಂಟರ್ ಇದೆ. ವಿಡಿಯೋದಲ್ಲಿ ತೋರಿಸಿದ ಹಾಗೆ ಗ್ಲಾಸಿ ಫೋಟೋ ಪೇಪರ್ ಮೇಲೆ ಪ್ರಿಂಟ್ ತೆಗೆದು, ತಾಮ್ರದ ಬೋರ್ಡಿನ ಮೇಲಿಟ್ಟು ಐದು ನಿಮಿಷ ಇಸ್ತ್ರಿ ಹಾಕಿದೆ. ನೀರಲ್ಲಿ ನೆನೆಸಿದಾಗ ಇಂಕೆಲ್ಲ ಕರಗಿಹೋಯ್ತು, ಪೇಪರ್ ಮಾತ್ರ ತಾಮ್ರಕ್ಕೆ ಅಂಟಿಕೊಂಡಿತು. ಮೂರು ಸಲವೂ ಇದೇ ಕಥೆ. ಮೂರನೇ ಸಲ ಉಳಿದಿದ್ದ ಕಲೆಯನ್ನೇ ನಂಬಿ ಎಚಿಂಗ್ ಮಾಡಲು, ಅಂದರೆ ಬೇಡದ ತಾಮ್ರ ಕರಗಿಸಲು, ಫೆರಿಕ್ ಕ್ಲೋರೈಡ್‌ಗೆ ಹಾಕಿದೆ, ತಾಮ್ರವೆಲ್ಲ ಹೋಯ್ತು. ಆ ದ್ರಾವಣವನ್ನು ಅಡುಗೆಮನೆ ಸಿಂಕಿಗೆ ಸುರಿದೆ. ಸ್ಟೀಲ್ ಸಿಂಕ್ ಕಲೆಯಾಗಿ ಅಮ್ಮ ಬೈದರು. ನಮ್ಮ ಬಾವಿ ನೀರು ಕೆಡುತ್ತಾ ಅನ್ನೋ ಭಯ ಬೇರೆ. ಇಂಕ್‌ಜೆಟ್‌ನಿಂದ ಪಿಸಿಬಿ ಆಗೋದೇ ಇಲ್ವಾ? ಪ್ರಿಂಟರ್ ಬಿಚ್ಚಿ ತಾಮ್ರದ ಮೇಲೆ ನೇರವಾಗಿ ಪ್ರಿಂಟ್ ಮಾಡಬಹುದು ಅಂತಾರೆ, ಬೆಳ್ಳಿ ಇಂಕ್ ಹಾಕಿದರೆ ಎಚಿಂಗೇ ಬೇಡ ಅಂತಲೂ ಓದಿದೆ. ಯಾವುದು ನಿಜ?

ಉತ್ತರ: ಮೊದಲು ಬಾವಿಯ ಮಾತು ಮುಗಿಸೋಣ. ಅದು ತಲೆಯಲ್ಲಿ ಕೂತಿದ್ದರೆ ಬೇರೇನೂ ಕಿವಿಗೆ ಹೋಗುವುದಿಲ್ಲ. ಸಾಮಾನ್ಯ ಬೋರ್ಡಿನಲ್ಲಿ ತಾಮ್ರದ ದಪ್ಪ 35 ಮೈಕ್ರಾನ್. ನಿಮ್ಮ 5×7 ಬೋರ್ಡಿನ ತಾಮ್ರ ಪೂರ್ತಿ ಕರಗಿದರೂ ತೂಕ ಸುಮಾರು 1.1 ಗ್ರಾಂ. ಅಷ್ಟು ತಾಮ್ರ ಒಂದೇ ಒಂದು ಸಲ ಹೋಗಿದ್ದಕ್ಕೆ ಬಾವಿ ಕೆಡುವುದಿಲ್ಲ. ಹೆದರಬೇಡಿ. ಆದರೆ ಇದು ಅಭ್ಯಾಸ ಆಗಬಾರದು. ಹಳ್ಳಿಮನೆಯ ಸಿಂಕಿನ ನೀರು ಇಂಗುಗುಂಡಿಗೋ ತೆಂಗಿನ ಬುಡಕ್ಕೋ ಹೋಗುತ್ತದೆ. ತಾಮ್ರ ಮಣ್ಣಿನಲ್ಲಿ ಕರಗಿ ಮಾಯವಾಗುವ ವಸ್ತುವಲ್ಲ, ಹಾಕಿದಷ್ಟೂ ಸೇರುತ್ತಾ ಹೋಗುತ್ತದೆ. ಸಿಂಕಿನ ಕಲೆಗೆ ಕಾರಣ ಫೆರಿಕ್ ಕ್ಲೋರೈಡ್. ತಾಮ್ರವನ್ನು ತಿನ್ನುವ ಹಾಗೇ ಅದು ಸ್ಟೀಲನ್ನೂ ತಿನ್ನುತ್ತದೆ. ಸಣ್ಣ ಗುಳಿ ಬಿದ್ದಿದ್ದರೆ ಮತ್ತೆ ಸರಿಯಾಗುವುದಿಲ್ಲ. ಅಮ್ಮ ಬೈದದ್ದರಲ್ಲಿ ತಪ್ಪಿಲ್ಲ.

ಈಗ ಇಸ್ತ್ರಿಯ ವಿಷಯ. ಈ ಪ್ರಶ್ನೆ ನನ್ನ ಹತ್ತಿರ ವರ್ಷಕ್ಕೆ ಹತ್ತಾರು ಸಲ ಬರುತ್ತದೆ, ಹೆಚ್ಚಿನವರು ಎಡವುವುದು ನೀವು ಎಡವಿದ ಜಾಗದಲ್ಲೇ. ವಿಡಿಯೋ ಸುಳ್ಳು ಹೇಳಿಲ್ಲ. ಅದರಲ್ಲಿ ಇದ್ದದ್ದು ಲೇಸರ್ ಪ್ರಿಂಟರ್ ಇರಬೇಕು. ಲೇಸರ್ ಪ್ರಿಂಟರಿನಲ್ಲೂ ಜೆರಾಕ್ಸ್ ಮೆಷಿನ್‌ನಲ್ಲೂ ಇರುವ ಟೋನರ್ ಅಂದರೆ ಕಪ್ಪು ಬಣ್ಣದ ಪ್ಲಾಸ್ಟಿಕ್ ಪುಡಿ. ಬಿಸಿ ತಾಗಿದರೆ ಕರಗುತ್ತದೆ, ತಣ್ಣಗಾದರೆ ಗಟ್ಟಿಯಾಗುತ್ತದೆ. ಇಸ್ತ್ರಿ ಹಾಕಿದಾಗ ಆ ಪ್ಲಾಸ್ಟಿಕ್ ಮತ್ತೆ ಕರಗಿ, ಕಾಗದ ಬಿಟ್ಟು ತಾಮ್ರ ಹಿಡಿಯುತ್ತದೆ. ಫೆರಿಕ್ ಕ್ಲೋರೈಡ್‌ಗೆ ಪ್ಲಾಸ್ಟಿಕ್ ತಿನ್ನಲು ಆಗುವುದಿಲ್ಲ, ಹಾಗಾಗಿ ಅದರ ಕೆಳಗಿನ ತಾಮ್ರ ಉಳಿಯುತ್ತದೆ.

ಇಂಕ್‌ಜೆಟ್ ಇಂಕಿನಲ್ಲಿ ಹೀಗೆ ಕರಗಿ ಅಂಟುವಷ್ಟು ಪ್ಲಾಸ್ಟಿಕ್ ಇಲ್ಲ. ಅದು ನೀರಿನಲ್ಲಿ ಬೆರೆಸಿದ ಬಣ್ಣ, ಕಾಗದದೊಳಗೆ ಇಂಗಿಹೋಗುತ್ತದೆ. ಇಂಗಿದ್ದನ್ನು ಎಷ್ಟು ಬಿಸಿ ಮಾಡಿದರೂ ಹೊರಗೆ ಬರುವುದಿಲ್ಲ. ನಿಮ್ಮ ಪೇಪರ್ ಅಂಟಿಕೊಂಡದ್ದಕ್ಕೂ ಕಾರಣ ಇದೆ. ಫೋಟೋ ಪೇಪರ್‌ಗಳಿಗೆ ತೆಳುವಾದ ಪ್ಲಾಸ್ಟಿಕ್ ಪದರ ಕೊಟ್ಟಿರುವುದು ಸಾಮಾನ್ಯ. ಇಸ್ತ್ರಿಯ ಬಿಸಿಗೆ ಕರಗಿ ತಾಮ್ರಕ್ಕೆ ಹತ್ತಿದ್ದು ಆ ಪದರ. ಅಂದರೆ ಅಂಟಬೇಕಾದದ್ದು ಅಂಟಲಿಲ್ಲ, ಬೇಡದ್ದು ಅಂಟಿತು.

ಅನುಮಾನ ಇದ್ದರೆ ಈಗಲೇ ನೋಡಿ. ಮಾಮೂಲಿ ಬಿಳಿ ಕಾಗದದ ಮೇಲೆ ನಿಮ್ಮ ಪ್ರಿಂಟರಿನ ಒಂದು ಪ್ರಿಂಟು, ಪಕ್ಕದಲ್ಲಿ ಒಂದು ಜೆರಾಕ್ಸ್ ಪ್ರತಿ ಇಡಿ. ಎರಡರ ಮೇಲೂ ಒಂದೊಂದು ಹನಿ ನೀರು ಬಿಡಿ. ಅರ್ಧ ನಿಮಿಷ ಬಿಟ್ಟು ಬೆರಳಲ್ಲಿ ಒರೆಸಿ. ಇಂಕ್‌ಜೆಟ್ ಬಣ್ಣ ನೀಲಿ-ನೇರಳೆಯಾಗಿ ಹರಡಿದರೆ ಅದು ಡೈ ಇಂಕು (ನೀರಲ್ಲಿ ಕರಗಿರುವ ಬಣ್ಣ). ಹೆಚ್ಚು ಹರಡದಿದ್ದರೆ ಪಿಗ್ಮೆಂಟ್ ಇಂಕು (ಕರಗದ ಸಣ್ಣ ಕಣಗಳ ಬಣ್ಣ). ಜೆರಾಕ್ಸ್ ಅಕ್ಷರ ಕದಲುವುದೇ ಇಲ್ಲ. ಈಗ ಎರಡನ್ನೂ ಬ್ಲೇಡಿನ ತುದಿಯಿಂದ ಮೆಲ್ಲಗೆ ಕೆರೆಯಿರಿ. ಜೆರಾಕ್ಸ್ ಅಕ್ಷರ ಹೊಟ್ಟಿನ ಹಾಗೆ ಎದ್ದು ಬರುತ್ತದೆ. ಇಂಕ್‌ಜೆಟ್‌ನಲ್ಲಿ ಏಳುವುದು ಬಣ್ಣ ಕುಡಿದ ಕಾಗದದ ನಾರು. ಒಂದು ಕಾಗದದ ಮೇಲೆ ಕೂತಿದೆ, ಇನ್ನೊಂದು ಒಳಗೆ ಸೇರಿದೆ. ಇಷ್ಟು ಅರ್ಥವಾದರೆ ನಿಮ್ಮ ಮೂರು ಬೋರ್ಡ್ ಯಾಕೆ ಕೆಟ್ಟವು ಅಂತ ಗೊತ್ತಾಗುತ್ತದೆ.

ಹಾಗಾದರೆ ತಾಮ್ರದ ಮೇಲೆ ನೇರ ಪ್ರಿಂಟ್? ಅದು ಕಟ್ಟುಕಥೆ ಅಲ್ಲ. ಎಪ್ಸನ್ ಪ್ರಿಂಟರ್ ಬಿಚ್ಚಿ, ಬೋರ್ಡ್ ಬಾಗದೆ ನೇರವಾಗಿ ಒಳಗೆ ಹೋಗುವ ಹಾಗೆ ದಾರಿ ಮಾಡಿ, ಹವ್ಯಾಸಿಗಳು ಹೀಗೆ ಬೋರ್ಡ್ ತೆಗೆದಿದ್ದಾರೆ. ಎಪ್ಸನ್ನೇ ಯಾಕೆ ಅಂದರೆ ಅದರ ಹೆಡ್‌ನಲ್ಲಿ ಪೀಜೋ ಹರಳು ಇದೆ. ಕರೆಂಟ್ ಕೊಟ್ಟಾಗ ಹರಳು ಬಾಗಿ ಇಂಕನ್ನು ಚಿಮ್ಮಿಸುತ್ತದೆ. ಎಚ್‌ಪಿ, ಕ್ಯಾನನ್ ಕಂಪನಿಗಳ ಮನೆಬಳಕೆ ಪ್ರಿಂಟರ್‌ಗಳಲ್ಲಿ ಸಾಮಾನ್ಯವಾಗಿ ಇಂಕನ್ನು ಕ್ಷಣಮಾತ್ರ ಕುದಿಸಿ, ಗುಳ್ಳೆ ಎಬ್ಬಿಸಿ ಚಿಮ್ಮಿಸುತ್ತಾರೆ. ಬೇರೆ ಬಗೆಯ ಇಂಕು ಅಲ್ಲಿ ಬೇಗ ಕಟ್ಟಿಕೊಳ್ಳುತ್ತದೆ. ನೇರ ಪ್ರಿಂಟಿಗೆ ರಾಳದ ಲೇಪನ ಇರುವ ಪಿಗ್ಮೆಂಟ್ ಇಂಕೇ ಬೇಕು. ಪ್ರಿಂಟ್ ಆದ ಮೇಲೆ ಬೋರ್ಡನ್ನು ಸುಮಾರು 200 ಡಿಗ್ರಿ ಬಿಸಿಯಲ್ಲಿ ಕಾಯಿಸಿ ಇಂಕನ್ನು ಗಟ್ಟಿ ಮಾಡಬೇಕು. ಆಮೇಲೆ ಎಚಿಂಗ್.

ಇಷ್ಟೆಲ್ಲ ಮಾಡಿದರೂ ತಾಮ್ರ ಇಂಕನ್ನು ಕುಡಿಯುವುದಿಲ್ಲ. ಎಣ್ಣೆ ಪಾತ್ರೆಯ ಮೇಲಿನ ನೀರಿನ ಹಾಗೆ ಇಂಕು ಹನಿ ಹನಿಯಾಗಿ ಸೇರಿಕೊಳ್ಳುತ್ತದೆ. ಬೋರ್ಡ್ ಒಂದು ಕೂದಲೆಳೆ ಎತ್ತರ ನಿಂತರೂ ಹೆಡ್‌ಗೆ ಉಜ್ಜುತ್ತದೆ, ಹೆಡ್ ಹೋದರೆ ಪ್ರಿಂಟರೇ ಹೋದ ಹಾಗೆ. ಕೆಲವರು ಜೆರಾಕ್ಸ್ ಅಂಗಡಿಯ ಪಿವಿಸಿ ಕಾರ್ಡ್ ಪ್ರಿಂಟರ್ ನೋಡಿ, ‘ಟ್ರೇನಲ್ಲಿ ಕಾರ್ಡ್ ಬದಲು ತೆಳು ಕಾಪರ್ ಬೋರ್ಡ್ ಇಟ್ಟರೆ?’ ಅಂತ ಕೇಳುತ್ತಾರೆ. ಯೋಚನೆ ಚೆನ್ನಾಗಿದೆ. ಆದರೆ ಎಪ್ಸನ್ ಎಲ್805 ಥರದ ಮೆಷಿನ್‌ನಲ್ಲಿ ಇರುವುದು ಡೈ ಇಂಕು, ದ್ರಾವಣಕ್ಕೆ ಬಿದ್ದ ಕೂಡಲೇ ತೊಳೆದುಹೋಗುತ್ತದೆ. ನಿಮ್ಮ ಅಕ್ಕನ ಪ್ರಿಂಟರನ್ನು ದಯವಿಟ್ಟು ಬಿಚ್ಚಬೇಡಿ. ಗುಜರಿಗೆ ಹೋಗುವ ಹಳೇ ಎಪ್ಸನ್ ಸಿಕ್ಕಿದರೆ, ತಿಂಗಳುಗಟ್ಟಲೆ ಪ್ರಯೋಗ ಮಾಡುವ ತಾಳ್ಮೆ ಇದ್ದರೆ ಧಾರಾಳವಾಗಿ ಮಾಡಿ. ಟ್ಯಾಂಕ್ ಕಂಟ್ರೋಲರ್‌ಗೆ ಅದು ದಾರಿಯಲ್ಲ.

ಬೆಳ್ಳಿ ಇಂಕೂ ನಿಜವೇ. 2013ರಲ್ಲಿ ಟೋಕಿಯೊ ವಿಶ್ವವಿದ್ಯಾಲಯ, ಜಾರ್ಜಿಯಾ ಟೆಕ್ ಮತ್ತು ಮೈಕ್ರೋಸಾಫ್ಟ್ ರಿಸರ್ಚ್‌ನ ಸಂಶೋಧಕರು ಸಾಧಾರಣ ಬ್ರದರ್ ಪ್ರಿಂಟರಿಗೆ ಬೆಳ್ಳಿಯ ಸೂಕ್ಷ್ಮ ಕಣಗಳ ಇಂಕು ತುಂಬಿ, ಫೋಟೋ ಪೇಪರ್ ಮೇಲೆ ಸರ್ಕ್ಯೂಟ್ ಪ್ರಿಂಟ್ ಮಾಡಿ ತೋರಿಸಿದರು. ನೋಡಲು ಬಹಳ ಚೆಂದ. ಆದರೆ ಲೆಕ್ಕ ಹಾಕಿ ನೋಡಿ. 1 ಮಿ.ಮೀ. ಅಗಲ, 10 ಸೆಂ.ಮೀ. ಉದ್ದದ ಗೆರೆಗೆ 35 ಮೈಕ್ರಾನ್ ತಾಮ್ರದಲ್ಲಿ ರೋಧ ಸುಮಾರು 0.05 ಓಮ್. ಅದೇ ಗೆರೆ ಆ ಬೆಳ್ಳಿ ಇಂಕಿನಲ್ಲಿ ಸುಮಾರು 20 ಓಮ್. ಬೆಳ್ಳಿ ತಾಮ್ರಕ್ಕಿಂತ ಒಳ್ಳೆಯ ವಾಹಕ, ಸರಿ, ಆದರೆ ಇಲ್ಲಿ ಪದರ ಅಷ್ಟು ತೆಳು. ಎಲ್‌ಇಡಿ ಬೆಳಗಬಹುದು, ಸೆನ್ಸರ್ ಮಾಡಬಹುದು. ಕಾಗದದ ಮೇಲೆ ಮಾಮೂಲಿ ಬೆಸುಗೆ ಹಾಕಲು ಆಗುವುದಿಲ್ಲ, ವಾಹಕ ಟೇಪ್ ಅಥವಾ ಅಂಟು ಬೇಕು. ಇಂಕಿನ ಬೆಲೆಯೂ ಜಾಸ್ತಿ. ನಿಮ್ಮ ಕೆಲಸಕ್ಕೆ ಬೇಡ.

ಇನ್ನು ನನ್ನ ಅಭಿಪ್ರಾಯಕ್ಕೆ ಬರುತ್ತೇನೆ. ಇಂಕ್‌ಜೆಟ್ ಪ್ರಿಂಟರನ್ನು ತಾಮ್ರ ಕಾಪಾಡುವ ಕೆಲಸಕ್ಕೆ ಹಚ್ಚಬೇಡಿ. ಅದರ ಹತ್ತಿರ ನೆರಳು ಮಾಡಿಸಿಕೊಳ್ಳಿ. ಪಾರದರ್ಶಕ ಹಾಳೆಯ ಮೇಲೆ ಕಪ್ಪಾಗಿ, ನಯವಾಗಿ ಪ್ರಿಂಟ್ ಮಾಡುವುದರಲ್ಲಿ ಅದು ಎಷ್ಟೋ ಸಲ ಲೇಸರ್‌ಗಿಂತ ಮೇಲು. ಆ ನೆರಳನ್ನು ಬೆಳಕಿಗೆ ಸ್ಪಂದಿಸುವ ಪದರದ ಮೇಲೆ ಬೀಳಿಸಿದರೆ ಬೋರ್ಡ್ ತಯಾರು. 1930ರ ದಶಕದಲ್ಲಿ ಲಂಡನ್‌ನಲ್ಲಿ ಪಾಲ್ ಐಸ್ಲರ್ ಮುದ್ರಿತ ಸರ್ಕ್ಯೂಟಿನ ರೇಡಿಯೋ ಕಟ್ಟಿದ್ದು ಮುದ್ರಣದ ವಿದ್ಯೆಯನ್ನೇ ತಾಮ್ರದ ಹಾಳೆಗೆ ತಂದು. ಇವತ್ತಿನ ಕಾರ್ಖಾನೆಗಳಲ್ಲಿ ನಡೆಯುವುದೂ ಬಹುಮಟ್ಟಿಗೆ ಇದೇ ಬೆಳಕಿನ ವಿಧಾನ.

ಇದಕ್ಕೆ ಬೇಕಾದ ಪದರಕ್ಕೆ ಡ್ರೈ ಫಿಲ್ಮ್ ಅನ್ನುತ್ತಾರೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ವಿಚಾರಿಸಿ, ಇಲ್ಲವೇ ಆನ್‌ಲೈನ್‌ನಲ್ಲಿ ಸುರುಳಿ ತರಿಸಿ. ತಿಳಿ ನೀಲಿ ಬಣ್ಣದ ಹಾಳೆ, ಎರಡೂ ಕಡೆ ಗಾಜಿನಷ್ಟು ತಿಳಿಯಾದ ಪ್ಲಾಸ್ಟಿಕ್ ಪೊರೆ ಇರುತ್ತದೆ. ಸೂರ್ಯನ ಬೆಳಕು, ಟ್ಯೂಬ್‌ಲೈಟ್ ಎರಡರಿಂದಲೂ ದೂರ ಇಡಿ. ಹಳದಿ ಬಲ್ಬಿನ ಬೆಳಕಲ್ಲಿ ಕೆಲಸ ಮಾಡಿ.

ಮೊದಲ ಕೆಲಸ ತಾಮ್ರ ತೊಳೆಯುವುದು, ಇದರಲ್ಲಿ ಅವಸರ ಬೇಡ. ಸ್ಕಾಚ್ ಬ್ರೈಟ್ ಮತ್ತು ಪಾತ್ರೆ ತೊಳೆಯುವ ಸೋಪಿನಿಂದ ಉಜ್ಜಿ. ನೀರು ಹಿಡಿದಾಗ ಬೋರ್ಡಿನ ತುಂಬ ಒಂದೇ ಪೊರೆಯಾಗಿ ಹರಡಬೇಕು. ಎಲ್ಲಾದರೂ ಒಡೆದು ಹನಿಯಾದರೆ ಅಲ್ಲಿ ಎಣ್ಣೆ ಇದೆ ಅಂತ ಅರ್ಥ. ಆಮೇಲೆ ಬೆರಳು ತಾಗಿಸಬೇಡಿ, ಅಂಚು ಹಿಡಿಯಿರಿ.

ಫಿಲ್ಮಿನ ಒಳಮೈಯ ಪೊರೆ ಬಿಡಿಸುವುದಕ್ಕೆ ಒಂದು ಉಪಾಯ ಇದೆ. ಮೂಲೆಯಲ್ಲಿ ಎರಡೂ ಕಡೆ ಸೆಲೋಟೇಪಿನ ತುಂಡು ಅಂಟಿಸಿ, ಎರಡನ್ನೂ ಎದುರು ಬದುರು ಎಳೆಯಿರಿ, ಪೊರೆ ಏಳುತ್ತದೆ. ಉಗುರಿನಿಂದ ಪ್ರಯತ್ನಿಸಿದರೆ ಅರ್ಧ ಗಂಟೆ ಹೋಗುತ್ತದೆ. ಫಿಲ್ಮನ್ನು ಒಂದು ಅಂಚಿನಿಂದ ಕೂರಿಸುತ್ತಾ, ಗಾಳಿ ಸಿಕ್ಕಿಕೊಳ್ಳದ ಹಾಗೆ ಬಟ್ಟೆಯಿಂದ ಒತ್ತುತ್ತಾ ಬನ್ನಿ. ಆಮೇಲೆ ಸುಮಾರು 110 ಡಿಗ್ರಿ ಬಿಸಿಯಲ್ಲಿ ಲ್ಯಾಮಿನೇಷನ್ ಮೆಷಿನ್‌ನಲ್ಲಿ ಎರಡು ಮೂರು ಸಲ ಹಾಯಿಸಿ. ಮೆಷಿನ್ ಇಲ್ಲದಿದ್ದರೆ ಇಸ್ತ್ರಿ ಪೆಟ್ಟಿಗೆಯನ್ನು ಕಡಿಮೆ ಬಿಸಿಗಿಟ್ಟು, ಮಧ್ಯೆ ಒಂದು ಕಾಗದ ಹಾಕಿ ಒತ್ತಿ. ನಿಮ್ಮ ಇಸ್ತ್ರಿಗೆ ಕಡೆಗೂ ಕೆಲಸ ಸಿಕ್ಕಿತು!

ಈಗ ಪ್ರಿಂಟು. ಇಲ್ಲಿ ಮೂರು ಜಾಗದಲ್ಲಿ ಜನ ತಪ್ಪುತ್ತಾರೆ. ಒಂದು, ಹಾಳೆ. ಲೇಸರ್‌ಗೆ ಅಂತ ಮಾರುವ ಒಎಚ್‌ಪಿ (ಪಾರದರ್ಶಕ) ಶೀಟಿನ ಮೇಲೆ ಇಂಕು ನಿಲ್ಲುವುದಿಲ್ಲ, ಇಂಕ್‌ಜೆಟ್‌ಗೆಂದೇ ಲೇಪನ ಇರುವ ಶೀಟ್ ಕೇಳಿ, ಒರಟು ಮೈ ಮೇಲೆ ಪ್ರಿಂಟ್ ಮಾಡಿ. ಎರಡು, ಡ್ರೈ ಫಿಲ್ಮ್ ನೆಗೆಟಿವ್. ಬೆಳಕು ಬಿದ್ದ ಜಾಗ ಗಟ್ಟಿಯಾಗಿ ಉಳಿಯುತ್ತದೆ. ಹಾಗಾಗಿ ಟ್ರ್ಯಾಕ್ (ತಾಮ್ರದ ಗೆರೆ) ಇರುವ ಜಾಗ ಖಾಲಿ ಇರಬೇಕು, ಉಳಿದದ್ದೆಲ್ಲ ಕಪ್ಪಾಗಬೇಕು. ಮೂರು, ಇಂಕ್ ಇರುವ ಮೈ ತಾಮ್ರದ ಕಡೆಗೇ ಕೂರಬೇಕು. ನನ್ನ ಮೊದಲ ಬೋರ್ಡಿನಲ್ಲಿ ಇಂಕನ್ನು ಮೇಲೆ ಮಾಡಿ ಇಟ್ಟಿದ್ದೆ. ಹಾಳೆಯ ದಪ್ಪದಷ್ಟು ಸಂದಿಯಲ್ಲೇ ಬೆಳಕು ನುಸುಳಿ, ಐಸಿ (ಚಿಪ್) ಕಾಲುಗಳ ನಡುವಿನ ಗೆರೆಗಳೆಲ್ಲ ಒಂದಕ್ಕೊಂದು ಅಂಟಿಕೊಂಡವು. ಬೋರ್ಡಿನ ಕೆಳಬದಿಯ ತಾಮ್ರಕ್ಕಾದರೆ ಡಿಸೈನ್ ಸಾಫ್ಟ್‌ವೇರಿನಲ್ಲಿ ಮಿರರ್ (ಕನ್ನಡಿಯಲ್ಲಿ ಕಂಡ ಹಾಗೆ ಎಡಬಲ ಅದಲುಬದಲು) ಮಾಡದೆ ಪ್ರಿಂಟ್ ಕೊಡಿ, ಮೇಲ್ಬದಿಗಾದರೆ ಮಿರರ್ ಮಾಡಿ. ಬೋರ್ಡಿನ ಮೂಲೆಯಲ್ಲಿ ತಾಮ್ರದಲ್ಲೇ ಒಂದು ಅಕ್ಷರ ಹಾಕಿಡಿ. ಹಾಳೆಯನ್ನು ತಾಮ್ರದ ಮೇಲಿಟ್ಟಾಗ ಅದು ನೇರವಾಗಿ ಓದಲು ಬಂದರೆ ಸರಿ ಇದೆ ಅಂತ. ಅಳತೆ 100 ಪರ್ಸೆಂಟ್ ಇರಲಿ. ಐಸಿ ಕಾಲುಗಳ ಅಂತರ 2.54 ಮಿ.ಮೀ., ನಿಜವಾದ ಐಸಿಯನ್ನೇ ಪ್ರಿಂಟಿನ ಮೇಲಿಟ್ಟು ನೋಡಿ.

ಕಪ್ಪು ಸಾಕಷ್ಟು ಕಪ್ಪಾಗಿದೆಯೇ ಅನ್ನುವುದು ಕಣ್ಣಿಗೆ ಗೊತ್ತಾಗುವುದಿಲ್ಲ. ನಮಗೆ ಕಪ್ಪಾಗಿ ಕಂಡದ್ದರಿಂದಲೂ ನೇರಳಾತೀತ (ಯುವಿ) ಬೆಳಕು ಸೋರಬಹುದು. ಮಾಮೂಲಿ ಬಿಳಿ ಜೆರಾಕ್ಸ್ ಕಾಗದದ ಮೇಲೆ ಪ್ರಿಂಟ್ ಮಾಡಿದ ಹಾಳೆ ಇಟ್ಟು, ಕತ್ತಲಲ್ಲಿ ಯುವಿ ಟಾರ್ಚ್ ಬಿಡಿ. ಖಾಲಿ ಜಾಗದಲ್ಲಿ ಕಾಗದ ನೀಲಿಯಾಗಿ ಹೊಳೆಯುತ್ತದೆ. ಕಪ್ಪಿನ ಕೆಳಗೂ ಹೊಳೆದರೆ ಇಂಕು ಸಾಲದು. ಪ್ರಿಂಟ್ ಕ್ವಾಲಿಟಿ ಹೆಚ್ಚಿಸಿ, ಅಥವಾ ಎರಡು ಹಾಳೆ ಪ್ರಿಂಟ್ ಮಾಡಿ ಒಂದರ ಮೇಲೊಂದು ಸರಿಯಾಗಿ ಹೊಂದಿಸಿ ಅಂಟಿಸಿ.

ಬೆಳಕಿಗೆ ಬ್ಯೂಟಿ ಪಾರ್ಲರ್‌ನಲ್ಲಿ ಉಗುರಿಗೆ ಬಳಸುವ ಯುವಿ ಲ್ಯಾಂಪ್ ಸಾಕು. ಬರಿಗಣ್ಣಿಂದ ಅದನ್ನು ನೋಡಬೇಡಿ. ಬೋರ್ಡಿನ ಮೇಲೆ ಹಾಳೆ, ಹಾಳೆಯ ಮೇಲೆ ಗಾಜು, ನಾಲ್ಕು ಕ್ಲಿಪ್. ಎಷ್ಟು ಹೊತ್ತು ಅಂತ ನನ್ನನ್ನು ಕೇಳಬೇಡಿ, ನಿಮ್ಮ ಲ್ಯಾಂಪನ್ನೇ ಕೇಳಿ. ಚಿಕ್ಕ ತುಂಡು ಬೋರ್ಡಿಗೆ ಫಿಲ್ಮ್ ಹಚ್ಚಿ, ರಟ್ಟಿನಿಂದ ಮುಚ್ಚಿ, ಮೂವತ್ತು ಸೆಕೆಂಡಿಗೊಮ್ಮೆ ರಟ್ಟನ್ನು ಒಂದು ಸೆಂ.ಮೀ. ಸರಿಸುತ್ತಾ ಹೋಗಿ. ತೊಳೆದ ಮೇಲೆ ಯಾವ ಪಟ್ಟಿ ಗಟ್ಟಿಯಾಗಿ, ಅಂಚು ಚೂಪಾಗಿ ಉಳಿಯಿತೋ ಅದೇ ನಿಮ್ಮ ಸಮಯ. ಈ ಅರ್ಧ ಗಂಟೆಯ ಪರೀಕ್ಷೆ ಮಾಡದೆ ಹತ್ತು ಬೋರ್ಡ್ ಹಾಳು ಮಾಡಿದವರನ್ನು ನೋಡಿದ್ದೇನೆ.

ಬೆಳಕು ಬಿದ್ದ ಗೆರೆಗಳು ಗಾಢ ನೀಲಿಯಾಗುತ್ತವೆ. ಹದಿನೈದು ನಿಮಿಷ ಬಿಟ್ಟು ಮೇಲಿನ ಪೊರೆಯನ್ನೂ ತೆಗೆಯಿರಿ. ಇದನ್ನು ಮರೆತರೆ ಎಷ್ಟು ತೊಳೆದರೂ ಏನೂ ಆಗುವುದಿಲ್ಲ. ಲೀಟರ್ ನೀರಿಗೆ 10 ಗ್ರಾಂ ಬಟ್ಟೆ ಸೋಡಾ, ಅಂದರೆ ವಾಷಿಂಗ್ ಸೋಡಾ, ಕರಗಿಸಿ. ಅಡುಗೆ ಸೋಡಾ ಅಲ್ಲ. ಉಗುರುಬೆಚ್ಚಗಿನ ಆ ನೀರಲ್ಲಿ ಬೋರ್ಡ್ ಮುಳುಗಿಸಿ, ಮೆತ್ತನೆ ಬ್ರಷ್ಷಿನಿಂದ ಸವರಿ. ತಿಳಿ ನೀಲಿ ಜಾಗ ಮೊದಲು ಲೋಳೆಯಾಗುತ್ತದೆ, ಆಮೇಲೆ ನಿಧಾನವಾಗಿ ಕೆಳಗಿನ ತಾಮ್ರ ಕೆಂಪಗೆ ಇಣುಕುತ್ತದೆ. ಆ ಗಳಿಗೆ ನೋಡುವುದಕ್ಕೆ ನನಗೆ ಈಗಲೂ ಇಷ್ಟ. ಎಚಿಂಗ್ ಮುಗಿದ ಮೇಲೆ ಉಳಿದ ಫಿಲ್ಮ್ ತೆಗೆಯುವುದು ಕಾಸ್ಟಿಕ್ ಸೋಡಾದಲ್ಲಿ, ಲೀಟರಿಗೆ 30 ಗ್ರಾಂ. ಕಾಸ್ಟಿಕ್ ಚರ್ಮ ಸುಡುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಕೈಗವಸು, ಕನ್ನಡಕ ಇಲ್ಲದೆ ಮುಟ್ಟಬೇಡಿ.

ಎಚಿಂಗ್‌ಗೆ ಪ್ಲಾಸ್ಟಿಕ್ ಡಬ್ಬಿ ಬಳಸಿ, ಅದನ್ನು ಬಿಸಿನೀರಿನ ಬೋಗುಣಿಯಲ್ಲಿ ಇಡಿ. 40 ಡಿಗ್ರಿ ಹತ್ತಿರ ಕೆಲಸ ಬೇಗ ಆಗುತ್ತದೆ. ಫೆರಿಕ್ ಕ್ಲೋರೈಡ್ ಪುಡಿಯನ್ನು ನೀರಿಗೆ ಸ್ವಲ್ಪ ಸ್ವಲ್ಪವೇ ಹಾಕಿ, ಪುಡಿಯ ಮೇಲೆ ನೀರು ಸುರಿಯಬೇಡಿ. ಕಿಟಕಿ ತೆರೆದಿರಲಿ. ಟ್ರ್ಯಾಕ್ ಇಲ್ಲದ ಜಾಗದಲ್ಲಿ ತಾಮ್ರ ತೆಗೆಯದೆ ಗ್ರೌಂಡ್ (ಸರ್ಕ್ಯೂಟಿನ ಸೊನ್ನೆ ವೋಲ್ಟಿನ ಭಾಗ) ಆಗಿ ಬಿಟ್ಟರೆ ದ್ರಾವಣವೂ ಉಳಿಯುತ್ತದೆ, ಪ್ರಿಂಟರಿನ ಕಪ್ಪು ಇಂಕೂ ಉಳಿಯುತ್ತದೆ. ಬಳಸಿದ ದ್ರಾವಣ ಚೆಲ್ಲಬೇಡಿ, ಇನ್ನೂ ಹಲವು ಬೋರ್ಡಿಗೆ ಬರುತ್ತದೆ. ಪೂರ್ತಿ ಸೋತ ಮೇಲೆ ವಾಷಿಂಗ್ ಸೋಡಾ ಚಿಟಿಕೆ ಚಿಟಿಕೆಯಾಗಿ ಹಾಕುತ್ತಾ ಬನ್ನಿ. ನೊರೆ ಉಕ್ಕುತ್ತದೆ, ಡಬ್ಬಿ ದೊಡ್ಡದಿರಲಿ. ನೊರೆ ನಿಂತಾಗ ತಳದಲ್ಲಿ ಕೆಸರು ಕೂರುತ್ತದೆ, ತಾಮ್ರ ಬಹುಪಾಲು ಅದರಲ್ಲೇ ಇರುತ್ತದೆ. ಬಟ್ಟೆಯಲ್ಲಿ ಸೋಸಿ, ಒಣಗಿಸಿ, ಮುಚ್ಚಳದ ಡಬ್ಬಿಗೆ ಹಾಕಿ ಹೆಸರು ಬರೆದಿಡಿ. ನಿಮ್ಮ ಕಾಲೇಜಿನ ಲ್ಯಾಬ್‌ನವರ ಹತ್ತಿರ ಅವರ ರಾಸಾಯನಿಕ ಕಸದ ಜೊತೆ ಕಳಿಸಲು ಕೇಳಿ.

ಇಷ್ಟು ಓದಿ ‘ಒಂದೇ ಒಂದು ಬೋರ್ಡಿಗೆ ಇಷ್ಟೆಲ್ಲಾ ಬೇಕಾ?’ ಅನ್ನಿಸಿದರೆ ಅದೂ ನ್ಯಾಯವೇ. ನಿಮ್ಮ ಸರ್ಕ್ಯೂಟಿಗೆ 1 ಮಿ.ಮೀ. ಗೆರೆಗಳು ಸಾಕು. ಪಿಡಿಎಫ್ ಅನ್ನು ಪೆನ್‌ಡ್ರೈವ್‌ನಲ್ಲಿ ಜೆರಾಕ್ಸ್ ಅಂಗಡಿಗೆ ಒಯ್ದು ಲೇಸರ್ ಪ್ರಿಂಟ್ ತೆಗೆಸಿದರೆ ನಿಮ್ಮ ಇಸ್ತ್ರಿ ವಿಧಾನವೇ ನಡೆಯುತ್ತದೆ. ತೆಳುವಾದ ಗ್ಲಾಸಿ ಮ್ಯಾಗಝೀನ್ ಕಾಗದ ಒಯ್ಯಿರಿ. ಇಂಕ್‌ಜೆಟ್ ಫೋಟೋ ಪೇಪರ್ ಮಾತ್ರ ಬೇಡ, ಅದರ ಲೇಪನ ಅಂಗಡಿಯವರ ಮೆಷಿನ್ ಒಳಗೆ ಕರಗಿ ಅಂಟಬಹುದು. ಇನ್ನೂ ಸುಲಭ ಬೇಕಾದರೆ ತೂತುಗಳಿರುವ ಜೀರೋ ಬೋರ್ಡ್ ಇದೆ. ಐದು ಹತ್ತು ಬೋರ್ಡ್ ಬೇಕಿದ್ದರೆ, ಅಥವಾ ಎರಡೂ ಬದಿಗೆ ಗೆರೆ ಬೇಕಿದ್ದರೆ, ಕಾರ್ಖಾನೆಗೆ ಕೊಡುವುದೇ ವಾಸಿ. ತೂತಿನೊಳಗೆ ತಾಮ್ರ ಲೇಪಿಸುವುದು, ಹಸಿರು ಮಾಸ್ಕ್ (ಬೆಸುಗೆ ಹರಡದಂತೆ ತಡೆಯುವ ಪದರ) ಹಚ್ಚುವುದು ಮನೆಯಲ್ಲಿ ಕಷ್ಟ. ಆದರೆ ಡಿಸೈನ್ ಪದೇ ಪದೇ ಬದಲಾಯಿಸಿ ಕಲಿಯುವವರಿಗೆ ಸಂಜೆ ಬರೆದದ್ದು ರಾತ್ರಿ ಕೈಗೆ ಬರುವ ಡ್ರೈ ಫಿಲ್ಮಿನಷ್ಟು ಒಳ್ಳೆಯದು ಇಲ್ಲ.

ನೀವು ಕೇಳದ ಒಂದು ಮಾತು ಹೇಳಲೇಬೇಕು. ನಿಮ್ಮ ಬೋರ್ಡಿನ ಒಂದು ಮೂಲೆಯಲ್ಲಿ ಮೋಟರಿನ 230 ವೋಲ್ಟ್ ಬರುತ್ತದೆ, ಇನ್ನೊಂದು ಮೂಲೆಯ ತಂತಿ ನೀವು ಕುಡಿಯುವ, ಸ್ನಾನ ಮಾಡುವ ನೀರಿನಲ್ಲಿ ಮುಳುಗಿರುತ್ತದೆ. ಇವೆರಡನ್ನು ಮನೆಯಲ್ಲಿ ಮಾಡಿದ ಒಂದೇ ಬೋರ್ಡಿನ ಮೇಲೆ ತರಬೇಡಿ. 1 ಎಚ್‌ಪಿ ಮೋಟರ್ ಓಡುವಾಗಲೇ 5ರಿಂದ 7 ಆಂಪಿಯರ್ ಎಳೆಯುತ್ತದೆ, ಶುರುವಾಗುವಾಗ ಅದರ ಹಲವು ಪಟ್ಟು. ನಿಮ್ಮ 1 ಮಿ.ಮೀ. ಗೆರೆಗೆ 2 ಆಂಪಿಯರೇ ಸಾಕು ಸಾಕಾಗುತ್ತದೆ. ನಿಮ್ಮ ಬೋರ್ಡ್ 12 ವೋಲ್ಟ್‌ನಲ್ಲಿ ಮಾತ್ರ ಇರಲಿ. ಅದಕ್ಕೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ನೋಂದಣಿ ಗುರುತಿನ ಒಳ್ಳೆಯ ಅಡಾಪ್ಟರ್ ಹಾಕಿ. ಟ್ರಾನ್ಸ್‌ಫಾರ್ಮರ್ ಇಲ್ಲದೆ ಕೆಪಾಸಿಟರ್ ಮೂಲಕ ನೇರ ಕರೆಂಟ್ ಇಳಿಸುವ ಅಗ್ಗದ ಸರ್ಕ್ಯೂಟ್ ಖಂಡಿತ ಬೇಡ, ಅದರಲ್ಲಿ ಟ್ಯಾಂಕಿನ ನೀರಿಗೇ ಕರೆಂಟ್ ಬರಬಹುದು. ಬೋರ್ಡಿನ ರಿಲೇ (ಸಣ್ಣ ಕರೆಂಟಿನಿಂದ ನಡೆಯುವ ಸ್ವಿಚ್ಚು) ಒಂದು ಕಾಂಟ್ಯಾಕ್ಟರ್‌ನ (ಮೋಟರಿನ ಭಾರ ಹೊರುವ ದೊಡ್ಡ ಸ್ವಿಚ್ಚಿನ) ಕಾಯಿಲಿಗೆ, ಅಂದರೆ ಅದನ್ನು ಎಳೆಯುವ ತಂತಿ ಸುರುಳಿಗೆ, ಮಾತ್ರ ಕರೆಂಟ್ ಕೊಡಲಿ. ಕಾಯಿಲ್ ಕೂಡ 12 ವೋಲ್ಟಿನದೇ ಇರಲಿ. ಮೋಟರಿನ ತಂತಿ ಕಾಂಟ್ಯಾಕ್ಟರ್‌ನಲ್ಲೇ ಇರಲಿ, ಬೇರೆ ಡಬ್ಬದಲ್ಲಿ.

ಬೋರ್ಡ್ ತಯಾರಾದ ಮೇಲೆ ಮೋಟರಿಗೆ ಜೋಡಿಸುವ ಮೊದಲು ಎರಡು ಬಕೆಟ್ ತೆಗೆದುಕೊಳ್ಳಿ. ಒಂದು ಸಂಪು, ಇನ್ನೊಂದು ಟ್ಯಾಂಕು ಅಂದುಕೊಳ್ಳಿ. ಮೋಟರಿನ ಜಾಗದಲ್ಲಿ ಒಂದು 12 ವೋಲ್ಟ್ ಬಲ್ಬ್ ಹಾಕಿ, ಚೊಂಬಿನಲ್ಲಿ ನೀರು ಹಾಕುತ್ತಾ, ತೆಗೆಯುತ್ತಾ ನೋಡಿ. ಎರಡು ದಿನ ತಪ್ಪದೆ ಬೆಳಗಿ ಆರಿದರೆ ಊರಿನ ಎಲೆಕ್ಟ್ರಿಷಿಯನ್ ಅವರನ್ನು ಕರೆಸಿ, ಕಾಂಟ್ಯಾಕ್ಟರ್ ಅವರ ಕೈಯಲ್ಲೇ ಹಾಕಿಸಿ.